ಬ್ರೀಚೊಲಾ ಕೂತಿದ್ದ ಮೂಲೆ

ಇಟಲಿಯ ಪುಟ್ಟ ಊರು ಮೊಂತೆಫ್ರೆನೊದ ಬೇಕರಿಯಲ್ಲಿ ಎಲಿಜಿಯೊ ಮೊದಲ ಒಲೆಯ ಬ್ರೆಡ್ಡನ್ನು ಹೊರಗೆ ತೆಗೆಯುವ ಹೊತ್ತಿಗೆ ಎದುರಿನ ಚಿಕ್ಕ ಚರ್ಚಿನಲ್ಲಿ ಪೊರಕೆಯ ಸದ್ದು ಶುರುವಾಗುತ್ತದೆ. ಎಪ್ಪತ್ತು ದಾಟಿದ ನಜ್ಜರೇನಾ ಗುಡಿಸುತ್ತಿದ್ದಾರೆ. ಬಾವಲಿ ಹಿಕ್ಕೆ, ಸತ್ತ ಪತಂಗ, ಕರಗಿ ಬಿದ್ದ ಮೇಣದ ಚೂರು, ಎಲ್ಲವನ್ನೂ ಬಾಗಿಲ ಕಡೆಗೆ ತಳ್ಳಿಕೊಂಡು ಬರುತ್ತಾರೆ. ಉತ್ತರದ ಗೋಡೆ ಹತ್ತಿರವಾದಾಗ ಮಾತ್ರ ಒಂದು ವಿಚಿತ್ರ ನಡೆಯುತ್ತದೆ. ಆ ಗೋಡೆಗೆ ಬೆನ್ನು ತಿರುಗಿಸಿ, ಮುಖ ಗಂಟು ಹಾಕಿಕೊಂಡು, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ಗುಡಿಸುತ್ತಾರೆ. ಮೇ ತಿಂಗಳಿಂದ ಹೀಗೆಯೇ ನಡೆದಿದೆ. ಈಗ ಸೆಪ್ಟೆಂಬರ್.

ಚರ್ಚಿನ ಬಾಗಿಲಿಗೆ ಅಂಟಿಸಿದ ಕಾಗದ ಅವರ ಕೈಬರಹದ್ದೇ. ಬೀಗದ ಕೈ ಎದುರಿನ ಹಸಿರು ಬಾಗಿಲ ಮನೆಯಲ್ಲಿದೆ, ಜೋರಾಗಿ ಬಡಿಯಿರಿ, ಊಟವಾದ ಮೇಲೆ ಬಡಿಯಬೇಡಿ ಎಂದು ಅದರಲ್ಲಿದೆ. ಅಂಗೈಗಿಂತ ಉದ್ದದ ಆ ಬೀಗದ ಕೈ ಮೊದಲು ಅವರ ತಾಯಿಯ ಬಳಿ ಇತ್ತು, ಈಗ ಇವರ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ. ಸಂಬಳವಿಲ್ಲ, ಸಾರಿಗೆ ಉಪ್ಪು ಹಾಕುತ್ತಿರುವಾಗ ಯಾರಾದರೂ ಬಡಿದರೆ ಒಲೆ ಆರಿಸಿ ಹೋಗಬೇಕು. ಪ್ರವಾಸಿಗಳು ಕೈಯಲ್ಲಿ ಹಿಡಿದು ಬರುವ ಪುಸ್ತಕಗಳಲ್ಲಿ ಚರ್ಚಿನ ಗೋಡೆಯ ಚಿತ್ರದ ಬಗ್ಗೆ ಒಂದು ಸಾಲು ಇದ್ದೀತು, ಬಾಗಿಲು ತೆಗೆಯುವವರ ಬಗ್ಗೆ ಅಷ್ಟೂ ಇಲ್ಲ.

ಹೊಟ್ಟೆಪಾಡಿಗೆ ನಜ್ಜರೇನಾ ಮಾಡಿದ್ದು ಬೇರೆ ಕೆಲಸ. ಮೂವತ್ತು ವರ್ಷ ಕತ್ತಲಿರುವಾಗಲೇ ಬಸ್ಸು ಹತ್ತಿ ಸಮುದ್ರದ ಕಡೆಗೆ ಇಳಿದು, ಅಲ್ಲಿನ ಹೋಟೆಲೊಂದರ ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆದರು. ಅವರ ಬೆರಳ ಗೆಣ್ಣುಗಳು ಇವತ್ತಿಗೂ ನೆಟ್ಟಗಾಗಿಲ್ಲ.

"ಮೀನಿನ ಬಾಣಲೆ ಜಾಸ್ತಿ ಬಂದ್ರೆ ಬೇಸಿಗೆ, ಮಾಂಸದ ಬಾಣಲೆ ಬಂದ್ರೆ ಚಳಿಗಾಲ. ನಂಗೆ ಋತು ಗೊತ್ತಾಗ್ತಿದ್ದಿದ್ದೇ ಹಂಗೆ. ಆ ಕೋಣೆಗೆ ಕಿಟಕಿ ಇರ್ಲಿಲ್ಲ" ಎನ್ನುತ್ತಾರೆ.

ಸಂಜೆ ಬಸ್ಸಿಳಿದ ನಜ್ಜರೇನಾ ಮನೆಗೆ ಹೋಗುವ ಮೊದಲು ಚರ್ಚಿಗೆ ನುಗ್ಗುತ್ತಿದ್ದರು. ಪ್ರಾರ್ಥನೆಗೆ ಎಂದು ಪಾದ್ರಿಗಳು ತಿಳಿದಿದ್ದರು. ನಿಜವಾಗಿ ಅವರು ಹೋಗುತ್ತಿದ್ದದ್ದು ನಾಯಿಯನ್ನು ನೋಡಲು.

ಉತ್ತರದ ಗೋಡೆಯ ತುಂಬ ಏಸುವಿನ ಕಡೆಯ ಊಟದ ಚಿತ್ರ. ಯಾರು ಬರೆದರೋ ತಿಳಿಯದು. ಮೇಜಿನ ಸುತ್ತ ಹದಿಮೂರು ಜನ, ರೊಟ್ಟಿ, ಮೀನು, ದ್ರಾಕ್ಷಿರಸದ ಹೂಜಿ. ಆದರೆ ಮೊಂತೆಫ್ರೆನೊದವರಿಗೆ ಆ ಚಿತ್ರವೆಂದರೆ ಬಲಮೂಲೆಯಲ್ಲಿ ಎಲುಬು ಕಚ್ಚುತ್ತ ಕೂತಿದ್ದ ಚುಕ್ಕೆ ಚುಕ್ಕೆ ನಾಯಿ. ಅದರ ಹೆಸರು ಬ್ರೀಚೊಲಾ, ಎಂದರೆ ರೊಟ್ಟಿಯ ಪುಡಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಊರಿನ ಮಕ್ಕಳನ್ನೆಲ್ಲ ಕರೆತಂದು ಮೂಗು ಮುಟ್ಟಿಸಿದ್ದರಿಂದ ಅದರ ಮೂಗು ನುಣುಪಾಗಿತ್ತು. ಹಬ್ಬದ ದಿನ ಎಲಿಜಿಯೊ ಒಣದ್ರಾಕ್ಷಿಯ ಕಣ್ಣಿಟ್ಟು ನಾಯಿಯಾಕಾರದ ಬನ್ನು ಮಾಡುತ್ತಾನೆ.

ಗೋಡೆಗೆ ತೇವ ಹತ್ತಿದೆಯೆಂದು ಹೋದ ವರ್ಷದ ಕೊನೆಯಲ್ಲಿ ಪಟ್ಟಣದಿಂದ ಇಬ್ಬರು ಹುಡುಗಿಯರು ಬಿಳಿ ಕೋಟು ತೊಟ್ಟು ಬಂದರು. ಅಟ್ಟಣಿಗೆ ಕಟ್ಟಿ, ಮುಂದೆ ಬಟ್ಟೆ ಇಳಿಬಿಟ್ಟು, ತಿಂಗಳುಗಟ್ಟಲೆ ಚಿತ್ರ ಶುಚಿ ಮಾಡಿದರು. ಮಧ್ಯಾಹ್ನದ ಊಟ ನಜ್ಜರೇನಾ ಮನೆಯಲ್ಲೇ. ಈ ಮೇ ತಿಂಗಳ ಒಂದು ಭಾನುವಾರ ಊರಿಗೆ ಊರೇ ಸೇರಿತು, ಬಟ್ಟೆ ಕೆಳಗೆ ಬಿತ್ತು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳು ಅಲ್ಲೇ ನಿಂತವು.

ನಾಯಿ ಇರಲಿಲ್ಲ. ನಾಯಿಯ ಜಾಗದಲ್ಲಿ ಅಂಗಿಯ ತೋಳು ಮೇಲಕ್ಕೆ ಮಡಚಿದ ಒಬ್ಬ ಹೆಂಗಸು ಕುಕ್ಕರಗಾಲಿನಲ್ಲಿ ಕೂತು ತಾಮ್ರದ ಬಾಣಲೆ ತಿಕ್ಕುತ್ತಿದ್ದಳು.

ನಜ್ಜರೇನಾಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಬೀಗದ ಕೈ ಎಲ್ಲಿ ಬಿತ್ತೆಂದೂ ತಿಳಿಯಲಿಲ್ಲ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಬಿಳಿ ಕೋಟಿನ ಹುಡುಗಿಯರು ಸಮಾಧಾನವಾಗಿ ವಿವರಿಸಿದರು: ನಾಯಿಯನ್ನು ಬಹಳ ಕಾಲದ ನಂತರ ಇನ್ನೊಬ್ಬರು ಮೇಲೆ ಬಳಿದದ್ದು, ಆ ಪದರ ಆಗಲೇ ಕಳಚಿ ಬರುತ್ತಿತ್ತು, ಮೂಲದಲ್ಲಿ ಇದ್ದವಳು ಈ ಹೆಂಗಸು. ಯಾರ ಕಿವಿಗೂ ಅದು ಇಳಿಯಲಿಲ್ಲ.

"ದಿನಾ ನನ್ನ ಮೇಜಿನ ಮೇಲೆ ಉಂಡ್ರು. ಇನ್ನೊಂಚೂರು ಹಾಕಮ್ಮ ಅಂತ ಕೇಳಿ ಹಾಕಿಸ್ಕೊಂಡ್ರು. ನಾಯಿ ತೆಗೀತೀವಿ ಅಂತ ಒಂದಿನಾದ್ರೂ ಬಾಯಿ ಬಿಟ್ರಾ?" ಎಂದು ನಜ್ಜರೇನಾ ಇವತ್ತಿಗೂ ಕುದಿಯುತ್ತಾರೆ.

ಅಂದಿನಿಂದ ಮಂಡಿನೋವು ಎಂಬ ನೆಪ ಬಂತು. ಬೆಳಗಾಗುವ ಮುಂಚೆ ಗುಡಿಸಿ ಬೀಗ ಹಾಕಿದರೆ ಮುಗಿಯಿತು, ಆಮೇಲೆ ಯಾರು ಬಡಿದರೂ ಹಸಿರು ಬಾಗಿಲು ತೆರೆಯುವುದಿಲ್ಲ. ಪ್ರವಾಸಿಗಳು ದೂರು ಕೊಟ್ಟರು. ಸುತ್ತಲಿನ ಐದು ಊರುಗಳನ್ನು ಒಬ್ಬರೇ ನೋಡಿಕೊಳ್ಳುವ ಪಾದ್ರಿ ದೋನ್ ತಾರ್ಚೀಸಿಯೊ ಕೊನೆಗೆ ನಜ್ಜರೇನಾಗೆ ಫೋನು ಮಾಡಿದರು. ಮಂಡಿ ಸರಿಹೋಗದಿದ್ದರೆ ಸೋಮವಾರ ಒಬ್ಬ ಬಂದು ಗುಂಡಿ ಒತ್ತಿ ತೆರೆಯುವ ಬೀಗ ಹಾಕುತ್ತಾನೆ, ಹಳೆಯ ಬೀಗದ ಕೈ ತಂದುಕೊಡಿ ಎಂದರು. ನಜ್ಜರೇನಾ ಹೂಂ ಎಂದು ಫೋನಿಟ್ಟರು. ಅಮ್ಮನ ಕೈಯಿಂದ ಬಂದದ್ದು ತನ್ನ ಕೈಯಲ್ಲಿ ಮುಗಿಯಿತಲ್ಲ ಎಂಬ ಸಂಕಟಕ್ಕೆ ಅಂದು ಅಡುಗೆಯನ್ನೂ ಮಾಡಲಿಲ್ಲ.

ಸೋಮವಾರಕ್ಕೆ ಎರಡು ದಿನ ಇರುವಾಗ ಎರ್ನಾ ಬಂದರು.

ಎರ್ನಾ ಆಸ್ಟ್ರಿಯಾದ ಗ್ರಾಜ್ ಪಟ್ಟಣದಲ್ಲಿ ಟ್ರಾಮ್ ಓಡಿಸಿ ನಿವೃತ್ತರಾದವರು. ಪ್ರತಿ ಸೆಪ್ಟೆಂಬರಿನಲ್ಲಿ ಮೊಂತೆಫ್ರೆನೊಗೆ ಬರುತ್ತಾರೆ. ರೋಮ್ ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಬಸ್ಸಿಳಿದು ನಿಂತೇ ಒಂದು ಕಾಫಿ, ಅಂಜೂರದ ಹಣ್ಣಿನವನ ಜತೆ ಒಂದು ಜಗಳ, ಆಮೇಲೆ ಬ್ರೀಚೊಲಾ, ಕೊನೆಗೆ ನಜ್ಜರೇನಾ ಮನೆಯ ಊಟ. ಈ ಸರದಿ ಎಂದೂ ತಪ್ಪಿಲ್ಲ. ಅವರ ಇಟಾಲಿಯನ್ ಭಾಷೆ ನಜ್ಜರೇನಾ ಅವರ ಊಟದ ಮೇಜಿನಲ್ಲಿ ಕಲಿತದ್ದು, ಹಾಗಾಗಿ ತರಕಾರಿಯ ಹೆಸರು, ಬೈಗುಳ ಎರಡೂ ಚೆನ್ನಾಗಿ ಬರುತ್ತವೆ. ಪ್ರತಿ ಸಲ ತಮ್ಮೂರಿನ ಕುಂಬಳಬೀಜದ ಎಣ್ಣೆಯ ಬಾಟಲಿ ಹಿಡಿದು ಬರುತ್ತಾರೆ.

ಕಿಟಕಿಯಿಂದ ಅವರನ್ನು ಕಂಡ ನಜ್ಜರೇನಾಗೆ ಮಂಚದ ಕೆಳಗೆ ಅಡಗಿಕೊಳ್ಳೋಣ ಎನಿಸಿತು. ಆದರೆ ಅಂಗಳದಲ್ಲಿ ಟೊಮೆಟೊ ಕುದಿಯುತ್ತಿದೆ, ಮನೆಯಲ್ಲಿಲ್ಲ ಎಂದು ಹೇಳುವುದು ಹೇಗೆ? ನಾಯಿ ಹೋದ ಸುದ್ದಿ ಬಾಯಿಗೆ ಬರಲಿಲ್ಲ. ಮೊದಲು ಊಟ ಮಾಡು ಎಂದರು, ಬಿಸಿ ರೊಟ್ಟಿಯ ಮೇಲೆ ಹಂದಿಮಾಂಸದ ಮೆತ್ತನೆಯ ಸಲಾಮಿ ಸವರಿ ಕೊಟ್ಟರು, ದ್ರಾಕ್ಷಿ ತಂದಿಟ್ಟರು. ಎರ್ನಾ ಎಲ್ಲವನ್ನೂ ತಿಂದು, ಬಾಯಿ ಒರೆಸಿಕೊಂಡು ಎದ್ದು ನಿಂತರು.

"ನಡಿಯೇ. ಬ್ರೀಚೊಲಾ ಕಾಯ್ತಿರ್ತಾಳೆ" ಎಂದರು.

ಚರ್ಚಿನ ಬಾಗಿಲು ಸದ್ದಿಲ್ಲದೆ ತೆರೆಯಿತು. ಎರ್ನಾ ಮೂಗು ಅರಳಿಸಿದರು, ಬಾಗಿಲ ತಿರುಗಣಿಗೆ ಬೆರಳಿಟ್ಟು ಮೂಸಿದರು. "ಇದು ನಮ್ಮೂರ ಎಣ್ಣೆ ಅಲ್ವೇನೆ?"

"ಹೂಂ ಕಣೇ. ಬಾಯಿಗೆ ಹಿಡಿಸ್ಲಿಲ್ಲ. ಬಾಗಿಲಿಗೆ ಹಿಡಿಸ್ತು."

ಇಷ್ಟು ವರ್ಷ ಹೊತ್ತು ತಂದ ಬಾಟಲಿಗಳನ್ನೆಲ್ಲ ನೆನೆದು ಎರ್ನಾ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ, ಕಾಸು ಹಾಕಿದರೆ ಒಂದಿಷ್ಟು ಹೊತ್ತು ಚಿತ್ರಕ್ಕೆ ಬೆಳಕು ಕೊಡುವ ದೀಪದ ಡಬ್ಬಿಗೆ ನಾಣ್ಯ ಹಾಕಿದರು.

ಚಿತ್ರದ ಮೇಜು ಬೆಳಗಿತು. ಆ ದೀಪ ಊಟಕ್ಕೆ ಕೂತವರ ಮುಖಕ್ಕಷ್ಟೇ ಬೀಳುವಂಥದ್ದು, ಮೂಲೆ ಯಾವಾಗಲೂ ಅರೆಗತ್ತಲು. ಎರ್ನಾ ನಾಲ್ಕು ಹೆಜ್ಜೆ ಮುಂದೆ ಹೋಗಿ ಬಗ್ಗಿದರು. ನಗು ನಿಂತಿತು. ಗೋಡೆಯನ್ನು ಅಂಗೈಯಿಂದ ತಡವಿದರು, ನಾಯಿ ಎಲ್ಲೋ ಪಕ್ಕಕ್ಕೆ ಸರಿದಿರಬಹುದು ಎಂಬಂತೆ ಮೇಜಿನ ಆ ತುದಿಯವರೆಗೆ ಹುಡುಕಿ ಬಂದರು. ಯಾರು ಮಾಡಿದರು, ನೀನು ಎಲ್ಲಿದ್ದೆ, ನನಗೇಕೆ ಹೇಳಲಿಲ್ಲ ಎಂದು ಒಂದರ ಮೇಲೊಂದು ಕೇಳಿದರು. ನಜ್ಜರೇನಾ ಗೋಡೆಗೆ ಬೆನ್ನು ಹಾಕಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮೇ ತಿಂಗಳಿಂದ ತಾವೇ ಆಡಿದ ಮಾತುಗಳು, ಈಗ ಆಸ್ಟ್ರಿಯಾದ ಧಾಟಿಯಲ್ಲಿ ಬರುತ್ತಿದ್ದವು.

ಕೊನೆಗೆ ಎರ್ನಾ ಮೂಲೆಯ ಕಡೆಗೆ ಕೈ ಝಾಡಿಸಿ, "ಅಷ್ಟು ದೂರದಿಂದ ನಾನು ಬಂದಿದ್ದು ಪಾತ್ರೆ ತಿಕ್ಕೋಳನ್ನ ನೋಡೋಕಾ?" ಎಂದರು.

ನಜ್ಜರೇನಾ ತಿರುಗಿದರು.

"ಹದಿಮೂರು ಜನ ಉಂಡಿದ್ದಾರೆ ಕಣೇ. ಆ ಪಾತ್ರೆ ಯಾರು ತಿಕ್ಬೇಕಿತ್ತು? ನಾಯಿ ತಿಕ್ತಿತ್ತಾ?"

ಹೇಳಿದ ಮಾತಿಗೆ ಅವರೇ ಬೆಚ್ಚಿಬಿದ್ದರು. ಬೆನ್ನು ಹಾಕಿದ್ದ ಗೋಡೆ ಈಗ ಕಣ್ಣೆದುರಿಗಿತ್ತು. ಆ ಹೆಂಗಸಿನ ಮೊಣಕೈ ಕೆಂಪಗಿದೆ. ಬೆರಳಿಗೆ ಬೂದಿ ಮೆತ್ತಿದೆ. ಗೆಣ್ಣುಗಳು ಉಬ್ಬಿವೆ. ಮೇಜಿನ ಮೇಲೆ ಇಷ್ಟು ದೊಡ್ಡ ಸಂಗತಿ ನಡೆಯುತ್ತಿದ್ದರೂ ಅವಳ ಗಮನವೆಲ್ಲ ಬಾಣಲೆಯ ತಳದಲ್ಲಿ ಹತ್ತಿದ್ದರ ಮೇಲೆ. ಇವಳ ಮುಖದ ಮೇಲೆ ಒಂದು ನಾಯಿಯನ್ನು ಕೂರಿಸಿದ್ದರು, ತಾನು ಬದುಕಿಡೀ ಆ ನಾಯಿಯ ಮೂಗು ಸವರಿದೆ. ನಜ್ಜರೇನಾಗೆ ಅಳು ಬಂತು.

ನಾಣ್ಯದ ಹೊತ್ತು ಮುಗಿದು ದೀಪ ಆರಿತು. ಕತ್ತಲಲ್ಲಿ ಎರ್ನಾ ಪರ್ಸು ತಡಕುವ ಸದ್ದು ಕೇಳಿತು. ಡಬ್ಬಿಗೆ ಇನ್ನೊಂದು ನಾಣ್ಯ ಬಿತ್ತು. ಇಬ್ಬರೂ ಮೂಲೆಯ ಮುಂದೆ ಕೂತು ನೋಡಿದರು. ನಾಯಿಯ ನೆನಪಿಗೆ ಎರ್ನಾ ಒಂದಿಷ್ಟು ಅತ್ತರು, ನಜ್ಜರೇನಾ ತಡೆಯಲಿಲ್ಲ. ಮನೆಗೆ ಮರಳಿದ ಮೇಲೆ ಟೊಮೆಟೊ ಕುದಿಸಿದ ದೊಡ್ಡ ಹಂಡೆಯನ್ನು ಎರ್ನಾ ಮಾತಿಲ್ಲದೆ ನಲ್ಲಿಯ ಕೆಳಗೆ ಎಳೆದುಕೊಂಡರು. ಸರಿಯಾಗಿ ತಿಕ್ಕಲಿಲ್ಲ, ನಜ್ಜರೇನಾ ಆಮೇಲೆ ಮತ್ತೆ ತಿಕ್ಕಿದರು.

ಸೋಮವಾರ ದೋನ್ ತಾರ್ಚೀಸಿಯೊ ಬೀಗದವನನ್ನು ಕರೆದುಕೊಂಡು ಬಂದಾಗ ಚರ್ಚಿನ ಬಾಗಿಲು ಹಾರುಹೊಡೆದಿದೆ. ಒಳಗೆ ನಜ್ಜರೇನಾ ಯಾರೋ ದಂಪತಿಗೆ ಚಿತ್ರ ತೋರಿಸುತ್ತಿದ್ದಾರೆ, ಶುರು ಮಾಡಿರುವುದು ಮೂಲೆಯಿಂದ. ಮಂಡಿ ಹೇಗಿದೆ ಎಂದು ಪಾದ್ರಿ ಕೇಳಿದರೆ ಯಾವ ಮಂಡಿ ಎನ್ನುತ್ತಾರೆ. ಬೀಗದವನು ಕಾಫಿ ಕುಡಿದು ಬಂದ ದಾರಿಯಲ್ಲೇ ಹೋಗುತ್ತಾನೆ. ಎಲಿಜಿಯೊ ಮಾತ್ರ ಹಬ್ಬಕ್ಕೆ ನಾಯಿ ಬನ್ನು ಬಿಡುವುದಿಲ್ಲವಂತೆ. ಬಿಡಬೇಕೆಂದು ಯಾರೂ ಕೇಳಿಲ್ಲ.

ಈಗ ಬೆಳಗಿನ ಪೊರಕೆ ಉತ್ತರದ ಗೋಡೆಯ ಬಳಿ ತುಸು ನಿಧಾನವಾಗುತ್ತದೆ. ಇಷ್ಟು ವರ್ಷದ ಚಾಕರಿಗೆ ಏನು ಬೇಕು ಎಂದು ಪಾದ್ರಿ ಕೇಳಿದ್ದಾರೆ. ನಜ್ಜರೇನಾ ಪೊರಕೆಯ ಹಿಡಿಯಿಂದ ಮೇಲಿನ ದೀಪವನ್ನು ತೋರಿಸುತ್ತಾರೆ.

"ಆ ಬಲ್ಬು ಒಂಚೂರು ಕೆಳಕ್ಕೆ ತಿರುಗ್ಸಿಕೊಡಿ, ಸಾಕು. ಮೇಲೆ ಕೂತೋರ ಊಟ ಮುಗೀತು. ಅವಳು ಕತ್ತಲಲ್ಲಿ ಹೆಂಗೆ ತಿಕ್ತಾಳೆ?"