ನೀರು ಹಾಕಿದ ಕೈ

ನಮ್ಮ ಮನೆಯಲ್ಲಿ ದಸರೆಗೆ ಘಟ ಹಾಕುತ್ತಿದ್ದವಳು ಅವ್ವ. ದೇವರ ಮುಂದೆ ಮಣ್ಣು ಹರಡಿ, ಜೋಳ, ಗೋಧಿ, ಕಡಲೆ ಬಿತ್ತಿ, ನಡುವೆ ತುಂಬಿದ ಕೊಡ ಇಡುತ್ತಿದ್ದಳು. ಹಬ್ಬ ಮುಗಿಯುವವರೆಗೆ ದೀಪ ಆರಕೂಡದು. ದಿನಾ ಮುಂಜಾನೆ ಸ್ನಾನ ಮಾಡಿ, ಯಾರ ಜೊತೆಗೂ ಮಾತಾಡದೆ, ನೆಲಕ್ಕೆ ಕೂತು ನೀರು ಚಿಮುಕಿಸುತ್ತಿದ್ದಳು. ಹೋದ ವರ್ಷ ಶೇಂಗಾ ಹುರಿಯುತ್ತ ಹುರಿಯುತ್ತಲೇ ಹೇಳಿಬಿಟ್ಟಳು: ಮೊಣಕಾಲು ಮಡಚುವುದಿಲ್ಲ, ಇದೇ ಕಡೆಯ ಸಲ, ಮುಂದಿನ ವರ್ಷದಿಂದ ಸೊಸೆ ಹಾಕಲಿ.

ಅವಳು ಹಾಗೆ ಕೂತು ನೀರು ಹಾಕುವುದನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅಂತ ನನಗೆ ಆಗಲೇ ಅನಿಸಿತು.

ಹುಬ್ಬಳ್ಳಿಯಲ್ಲಿ ನಮ್ಮದೊಂದು ಹವ್ಯಾಸಿ ಫೋಟೋಗ್ರಾಫರ್‌ಗಳ ಗುಂಪು. ರವಿವಾರ ನೃಪತುಂಗ ಬೆಟ್ಟ ಹತ್ತಿ ತಾಸುಗಟ್ಟಲೆ ಮೋಡದ ಫೋಟೋ ತೆಗೆದು, ಅವನ್ನೆಲ್ಲ ಜೋಡಿಸಿ ಅರ್ಧ ನಿಮಿಷದಲ್ಲಿ ಓಡಿಸುವ ಟೈಮ್ ಲ್ಯಾಪ್ಸ್ ಹುಚ್ಚು ಎಲ್ಲರಿಗೂ ಹಿಡಿದಿತ್ತು. ಎಲ್ಲರಿಗಿಂತ ಹೆಚ್ಚು ಹಿಡಿದಿದ್ದು ಬೆಂಗೇರಿಯ ಗೆಳೆಯನಿಗೆ. ಒಳ್ಳೆಯ ಕ್ಯಾಮೆರಾ ಇದ್ದದ್ದೂ ಅವನ ಹತ್ತಿರವೇ. ಗೋಪನಕೊಪ್ಪದ ನಮ್ಮ ಮನೆಗೆ ಕರೆದು ಬಿಡಿಸಿ ಹೇಳಿದೆ: ಹಬ್ಬ ಮುಗಿಯುವವರೆಗೆ ಕ್ಯಾಮೆರಾ ಘಟದ ಮುಂದೆ ಇಡು, ಅವ್ವ ಕಾಣಬೇಕು, ಸಸಿ ಆಮೇಲೆ. "ಆತು ಬಿಡಪಾ," ಅಂದ.

ಅವ್ವ ಒಂದೇ ಷರತ್ತು ಹಾಕಿದಳು: ದೇವರ ಮನೆಗೆ ಚರ್ಮ ಬರಕೂಡದು. ಪಾಪ, ಅವನು ಬೆಲ್ಟ್ ಬಿಚ್ಚಿಟ್ಟು, ಒಂದು ಕೈಯಲ್ಲಿ ಪ್ಯಾಂಟ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬ್ಯಾಟರಿ ಬದಲಿಸುತ್ತಿದ್ದ. ಅವ್ವ ಸೆರಗಿನ ಮರೆಯಲ್ಲಿ ನಗುತ್ತ ಅವನಿಗೆ ಹೋಳಿಗೆ ಬಡಿಸುತ್ತಿದ್ದಳು. ಆ ಹೋಳಿಗೆ ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಹಬ್ಬ ಮುಗಿಯಿತು. ಫೋಟೋಗಳನ್ನು ಜೋಡಿಸಿ ತರುತ್ತೇನೆಂದು ಅವನು ಕಾರ್ಡ್ ಒಯ್ದ. ದೀಪಾವಳಿ ಕಳೆದ ಮೇಲೆ ಧಾರವಾಡದಲ್ಲಿ ನಮ್ಮ ಗುಂಪಿನವರು ತಮ್ಮ ತಮ್ಮ ಕೆಲಸ ತೋರಿಸುವ ಕಾರ್ಯಕ್ರಮ ಇಟ್ಟುಕೊಂಡೆವು. ಪರದೆಯ ಮೇಲೆ ನಿನ್ನನ್ನು ನೋಡುವಿಯಂತೆ ಬಾ ಎಂದು ಅವ್ವನನ್ನೂ ಕರೆದುಕೊಂಡು ಹೋದೆ. ಮದುವೆ ಮನೆಗೆ ಉಡುವ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಳು.

ದೀಪ ಆರಿಸಿದರು. ಪರದೆಯ ಮೇಲೆ ಮಣ್ಣು ಬಿರಿಯಿತು. ಬೆಳ್ಳಗೆ ಮೊಳಕೆ ಎದ್ದು, ಒಂದನ್ನೊಂದು ತಳ್ಳುತ್ತ ಬೆಳೆದು ಕೊಡವನ್ನೇ ಮುಚ್ಚಿತು. ಜನ ಚಪ್ಪಾಳೆ ಹೊಡೆದರು. ಅದರಲ್ಲಿ ಅವ್ವ ಎಲ್ಲಿಯೂ ಇರಲಿಲ್ಲ. ಅವಳ ಬಳೆ ಕೂಡ ಇರಲಿಲ್ಲ.

ಅವ್ವ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಛಂದ ಐತಿ. ಖರೇ, ನೀರು ಯಾರು ಹಾಕಿದ್ರು?"

ನಾನು ಎದ್ದು ಗೆಳೆಯನ ಹತ್ತಿರ ಹೋದೆ. ಅವನ ಮುಖ ಅರಳಿತ್ತು.

"ಅವ್ವಾರು ಬಂದು ಕುಂತಾಗೊಮ್ಮೆ ದೀಪಕ್ಕ ಅಡ್ಡ ಆಗ್ತಿತ್ತೋ. ಕತ್ತಲಿ ಬಡದಂಗ ಕಾಣ್ತಿತ್ತು. ಅವನ್ನೆಲ್ಲಾ ತಗದೆ. ಈಗ ಹೆಂಗ ಸ್ವಚ್ಛ ಬಂದೈತಿ ನೋಡು."

ತೆಗೆದ ಫೋಟೋಗಳು ಎಲ್ಲಿ ಎಂದು ಕೇಳಿದೆ. ಬೆಟ್ಟದ ಮೋಡಕ್ಕೆ ಕಾರ್ಡಿನಲ್ಲಿ ಜಾಗ ಬೇಕಾಗಿತ್ತಂತೆ, ಅಳಿಸಿಬಿಟ್ಟನಂತೆ. ಅದನ್ನು ಮನೆ ಕಸ ಗುಡಿಸಿದೆ ಅನ್ನುವಷ್ಟು ಹಗುರಾಗಿ ಹೇಳಿದ. ಮೋಡ ಮುಂದಿನ ರವಿವಾರವೂ ಬರುತ್ತಿತ್ತಲ್ಲ! ಅಲ್ಲೇ, ಎಲ್ಲರೆದುರಿಗೆ, ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹಿರಿಯರೊಬ್ಬರು ಎಂಥ ಕಲೆಗಾರನನ್ನು ಬೈಯುತ್ತೀರಿ ಎಂದು ನನಗೇ ಬುದ್ಧಿ ಹೇಳಿದರು. ಅವರಿಗೂ ಎರಡು ಮಾತು ಬಿತ್ತು. ಕಡೆಗೆ ಅವ್ವ ಬಂದು ನನ್ನ ಅಂಗಿ ಹಿಡಿದು ಎಳೆದುಕೊಂಡು ಹೊರಟಳು. ಹುಬ್ಬಳ್ಳಿ ಮುಟ್ಟುವವರೆಗೂ ಬಸ್ಸಿನಲ್ಲಿ ಸೀರೆಯ ನೆರಿಗೆ ಸರಿಮಾಡುತ್ತಲೇ ಇದ್ದಳು.

ಈ ವರ್ಷ ಘಟ ಹಾಕಿದ್ದು ನನ್ನ ಹೆಂಡತಿ. ಅವ್ವ ಕುರ್ಚಿಯ ಮೇಲೆ ಕೂತು ನೀರು ಜಾಸ್ತಿ ಆಯಿತು, ಕಡಿಮೆ ಆಯಿತು ಎಂದು ಕೈ ಮಾಡಿ ತೋರಿಸುತ್ತಿದ್ದಳು.

ದಸರೆಯ ಸಂಜೆ ಆ ಗೆಳೆಯ ಬನ್ನಿ ಹಿಡಿದುಕೊಂಡು ಬಂದ. ಆ ದಿನ ಬನ್ನಿ ಕೊಟ್ಟು ತೆಗೆದುಕೊಂಡರೆ ಹಳೆಯ ಜಗಳ ಮುಗಿದಂತೆ. ಅವ್ವನ ಕಾಲಿಗೆ ಬಿದ್ದ. ಅವ್ವ ಬನ್ನಿ ಕೊಟ್ಟಳು, ಬಂಗಾರದಂಗ ಇರಪಾ ಅಂದಳು, ಹೋಳಿಗೆ ತರಲು ಒಳಗೆ ಹೇಳಿದಳು. ಅವನು ನನಗೂ ಬನ್ನಿ ಕೊಟ್ಟು, ಬೆಲ್ಟ್ ಬಿಚ್ಚುತ್ತ ದೇವರ ಮನೆಯೊಳಗೆ ಇಣುಕಿದ.

"ಈ ಸಲ ಕ್ಯಾಮೆರಾ ಇಟ್ಟಿಲ್ಲೇನು?"

"ಇಟ್ಟು ಏನು ಹಿಡೀಲಿ? ಆ ಕೈ ಈ ವರ್ಷ ನೀರು ಹಾಕಿಲ್ಲ," ಅಂದೆ.

ಅವನು ಬಿಚ್ಚಿದ ಬೆಲ್ಟ್ ಮತ್ತೆ ಕಟ್ಟಿಕೊಂಡ. ಅವನು ಕೊಟ್ಟ ಬನ್ನಿ ನನ್ನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು. ತಿರುಗಿ ಕೊಡಲು ತಟ್ಟೆಯಲ್ಲಿ ಬೇಕಾದಷ್ಟು ಬನ್ನಿ ಇತ್ತು. ನಾನು ಕೊಡಲಿಲ್ಲ.