ಬಾಂಬಿನ ಧೂಳಿನಲ್ಲಿ ತಿಪ್ಪಜ್ಜನ ವಯಸ್ಸು

ನಾನು ಮೊದಲ ಸಲ ಕಂಡಾಗ ತಿಪ್ಪಜ್ಜ ನನ್ನ ಪಿಎಚ್.ಡಿ.ಯ ಒಂದು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡಿದ್ದ.

ಜಗಳೂರಿನಾಚೆ ಒಂದು ಬತ್ತಿದ ಕೆರೆಯಂಗಳ. ಬೆಳಗಿನಿಂದ ಕಬ್ಬಿಣದ ಕೊಳವೆ ಬಡಿದು, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು, ಎರಡು ಮೊಳ ಉದ್ದದ ಹೂಳನ್ನು ಮುರಿಯದಂತೆ ಮೇಲೆತ್ತಿ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿದ್ದೆ. ನೀರು ಕುಡಿದು ಹಿಂದಿರುಗಿ ನೋಡಿದರೆ, ತಲೆಗೆ ಟವೆಲ್ ಸುತ್ತಿದ ಬಿಳಿ ಮೀಸೆಯ ಮನುಷ್ಯನೊಬ್ಬ ಕುಕ್ಕರಗಾಲಲ್ಲಿ ಕೂತು ಅದರ ತುದಿಯನ್ನು ಚಪ್ಪರಿಸುತ್ತಿದ್ದಾನೆ!

"ಅಯ್ಯೋ, ಉಗೀರಿ! ಅದರಾಗೆ ಬಾಂಬಿನ ಧೂಳೈತೆ!" ಎಂದು ಕಿರುಚಿದೆ.

ಉಗಿಯಲಿಲ್ಲ. ನಾಲಗೆಯನ್ನು ಒಂದು ಸುತ್ತು ತಿರುಗಿಸಿ, "ಅದು ಹಂಗಲ್ಲ ಬಿಡ್ರಿ ಮೇಡಮ್ಮ. ಇದು ಹಳ್ಳದ ಕಡೆ ಗೋಡು. ಶೇಂಗಾಕ್ಕೆ ಭಾಳ ಚಲೋ," ಎಂದ.

"ಅದು ಹಂಗಲ್ಲ ಬಿಡ್ರಿ" ಎನ್ನದೆ ಅವನ ಯಾವ ಉತ್ತರವೂ ಶುರುವಾಗುತ್ತಿರಲಿಲ್ಲ. ಒಪ್ಪಿಕೊಳ್ಳುವಾಗಲೂ ಅದೇ. "ಬಿಸಿಲು ಜಾಸ್ತಿ ಅಲ್ವಾ ಅಜ್ಜ?" ಎಂದರೆ, "ಅದು ಹಂಗಲ್ಲ ಬಿಡವ್ವ, ಬಿಸಿಲು ಭಾಳ ಐತೆ," ಎನ್ನುವನು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಾನೇನು ಸಾಮಾನ್ಯಳೇ? ಸಂತೇಬೆನ್ನೂರಿನವಳು, ಮಾತಿಗೆ ಮಾತು ಕೊಟ್ಟೇ ಬೆಳೆದವಳು. ಆದರೆ ಈ ಅಜ್ಜನ ಜತೆ ವಾದ ಮಾಡಿ ಗೆದ್ದವರನ್ನು ನಾನು ಕಾಣಲಿಲ್ಲ.

ಗೋಡು ಎಂದರೆ ಕೆರೆಯ ಹೂಳು. ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಊರವರು ಅದನ್ನು ಅಗೆದು ಹೊಲಕ್ಕೆ ಹೊಡೆಯುತ್ತಾರೆ. ತಿಪ್ಪಜ್ಜನ ಜೀವಮಾನದ ಕೆಲಸವೇ ಅದು. ಹುಡುಗನಾಗಿದ್ದಾಗ ಎತ್ತಿನ ಗಾಡಿ, ಆಮೇಲೆ ಬಾಡಿಗೆ ಟ್ರ್ಯಾಕ್ಟರು. ಯಾವ ವರ್ಷ ಕೆರೆಯ ಯಾವ ಮೂಲೆಯ ಮಣ್ಣು ಯಾರ ಹೊಲಕ್ಕೆ ಹೋಯಿತು ಎಂಬುದೆಲ್ಲ ಅವನ ತಲೆಯಲ್ಲಿತ್ತು.

ನನಗೆ ಬೇಕಾಗಿದ್ದುದೂ ಹೂಳೇ, ಕಾರಣ ಮಾತ್ರ ಬೇರೆ. ಅಜ್ಜನಿಗೆ ಅದನ್ನು ಕೆರೆ ಏರಿಯ ಮೇಲೆ ಕೂತು ವಿವರಿಸಿದ್ದೆ. ಹಿಂದೆ ದೊಡ್ಡ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡುತ್ತಿದ್ದವು. ಅದರ ಧೂಳು ಆಕಾಶಕ್ಕೇರಿ, ಭೂಮಿಯನ್ನೆಲ್ಲ ಸುತ್ತಿ, ಮಳೆಯ ಜತೆ ನಮ್ಮ ಕೆರೆಗಳಿಗೂ ಇಳಿಯಿತು. ಅದರಲ್ಲಿದ್ದ ಸೀಸಿಯಂ ಎಂಬ ವಸ್ತು ಹೂಳಿಗೆ ಅಂಟಿಕೊಂಡು ಕೂತಿದೆ. ಅರವತ್ತಮೂರರ ಆಸುಪಾಸಿನಲ್ಲಿ ಬಿದ್ದದ್ದು ಎಲ್ಲಕ್ಕಿಂತ ಹೆಚ್ಚು. ಕಣ್ಣಿಗೆ ಕಾಣುವುದಿಲ್ಲ, ಯಂತ್ರದಲ್ಲಿಟ್ಟು ದಿನಗಟ್ಟಲೆ ಕಾಯಬೇಕು. ಆ ಪದರವೊಂದು ಸಿಕ್ಕಿತೋ, ಅದರ ಕೆಳಗಿರುವುದು ಆ ವರ್ಷಕ್ಕಿಂತ ಹಿಂದಿನದು, ಮೇಲಿರುವುದು ಆಮೇಲಿನದು. ಕೆರೆಗೆ ಯಾವಾಗ ಎಷ್ಟು ಮಣ್ಣು ಕೊಚ್ಚಿ ಬಂತು, ಸುತ್ತ ಏನು ಬೆಳೆಯುತ್ತಿತ್ತು ಎಂದು ಲೆಕ್ಕ ಹಾಕಬಹುದು. ಚಳಿ ದೇಶಗಳಲ್ಲಿ ಇದನ್ನು ಜೌಗು ನೆಲದಲ್ಲಿ ನೋಡುತ್ತಾರೆ. ಅಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಸಾವಿರಾರು ವರ್ಷ ಕೂತಿರುತ್ತದಂತೆ. ನಮ್ಮ ಸೀಮೆಯಲ್ಲಿ ಅಂಥ ಜೌಗೆಲ್ಲಿಂದ ತರಲಿ? ಕೆರೆಯೇ ಗತಿ.

"ನಾನು ತಿಂದಿದ್ರಾಗೂ ಬಾಂಬು ಇತ್ತಾ ಹಂಗಾರೆ?" ಎಂದು ಅಜ್ಜ ಕೇಳಿದ.

"ಇದ್ದರೂ ಯಂತ್ರಕ್ಕೂ ಕಷ್ಟದಲ್ಲಿ ಕಾಣುವಷ್ಟು ಅಜ್ಜ. ಏನೂ ಆಗಲ್ಲ."

"ಮತ್ತೆ ಅವತ್ತು ಹಂಗೆ ಬಡಕೊಂಡ್ಯಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಪ್ರಯೋಗಾಲಯದಿಂದ ಉತ್ತರ ಬರಲು ಏಳೆಂಟು ತಿಂಗಳು ಹಿಡಿಯಿತು. ನಾಲ್ಕು ಕಡೆ ತೆಗೆದ ಮಣ್ಣಿನಲ್ಲೂ ಬಾಂಬಿನ ಪದರ ಇರಲಿಲ್ಲ. ಮೇಲಿನದು ಕೆಳಗೆ, ಕೆಳಗಿನದು ಮೇಲೆ, ಎಲ್ಲ ಕಲಸುಮೇಲೋಗರ. "ಇನ್ನೊಂದು ಬೇಸಿಗೆ ನೋಡಿ. ಸಿಗದಿದ್ದರೆ ವಿಷಯ ಬದಲಾಯಿಸಿ," ಎಂದರು ನನ್ನ ಮಾರ್ಗದರ್ಶಕರು. ಮೂರು ವರ್ಷದ ಕೆಲಸ! ಮರುದಿನವೇ ಜಗಳೂರಿನ ಬಸ್ಸು ಹತ್ತಿ ಬಂದು, ಆ ವರ್ಷವೂ ಮಳೆಯಿಲ್ಲದೆ ತುಂಬದಿದ್ದ ಕೆರೆಯ ಏರಿಯ ಮೇಲೆ ಕೂತು, ಅಜ್ಜನೆದುರು ನಾಚಿಕೆಯಿಲ್ಲದೆ ಅತ್ತೆ.

ಅಜ್ಜ ಎಲೆಯಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಂಡ. "ಅದು ಹಂಗಲ್ಲ ಬಿಡವ್ವ. ನಿನ್ನ ಬಾಂಬು ಎಲ್ಲಿಗೂ ಓಡಿಹೋಗಿಲ್ಲ. ನಾನೇ ಹೇರಿ ಹಾಕೀನಿ. ಒಂದಿಷ್ಟು ಗೌಡ್ರ ಹೊಲದಾಗೈತೆ, ಒಂದಿಷ್ಟು ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಕೆಜೋಳದಾಗೈತೆ."

ಅಳುತ್ತಿದ್ದವಳಿಗೆ ನಗು ಬಂತು. ಎಂಥ ಪೆದ್ದಿ ನಾನು! ಚಳಿ ದೇಶದವರ ಪ್ರಬಂಧಗಳನ್ನು ಉರು ಹೊಡೆದು, ಹೂಳೆಂದರೆ ಕೂತಲ್ಲೇ ಕೂತಿರುತ್ತದೆ ಎಂದುಕೊಂಡಿದ್ದೆ. ಅಲ್ಲಿಯ ಜೌಗಿಗೆ ತಿಪ್ಪಜ್ಜನಂಥವನು ಗಾಡಿ ಹೂಡಿಕೊಂಡು ಬರುವುದಿಲ್ಲವಲ್ಲ. ಕೆರೆಯ ಮಣ್ಣು ಹೊಲಕ್ಕೆ ಹೋಗುತ್ತದೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಓದುವಾಗ ಮರೆತಿದ್ದೆ.

"ಯಾರೂ ಮುಟ್ಟದ ಜಾಗ ಒಂದೂ ಇಲ್ವಾ ಅಜ್ಜ?"

ಅವನು ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ. ಆಮೇಲೆ ಕೆರೆಯ ನಟ್ಟನಡುವೆ, ಎರಡು ಸಾಲು ಕಲ್ಲುಗಳ ಮಧ್ಯದ ಒಂದು ಪಟ್ಟಿ ತೋರಿಸಿದ. ಕೆರೆಯ ಈ ತುದಿಗೆ ತಿಪ್ಪಜ್ಜನ ಊರು, ಆ ತುದಿಗೆ ಇನ್ನೊಂದು ಊರು. ಆ ಪಟ್ಟಿ ತಮ್ಮದೆಂದು ಇವರು, ತಮ್ಮದೆಂದು ಅವರು. ತಾತಂದಿರ ಕಾಲದಿಂದ ಒಬ್ಬರು ಇನ್ನೊಬ್ಬರಿಗೆ ಅಲ್ಲಿಂದ ಒಂದು ಪುಟ್ಟಿ ಮಣ್ಣು ತೆಗೆಯಲು ಬಿಟ್ಟಿರಲಿಲ್ಲ. ಈ ಕಡೆಯಿಂದ ಕಾವಲಿಗೆ ನಿಲ್ಲುವವನು ತಿಪ್ಪಜ್ಜ, ಆ ಕಡೆಯಿಂದ ಅವನ ಸೋದರತ್ತೆಯ ಮಗ ರುದ್ರಪ್ಪಜ್ಜ.

ಈ ಇಬ್ಬರದ್ದು ಇನ್ನೊಂದು ಕಥೆ. ನಮ್ಮಲ್ಲಿ ಸೋದರತ್ತೆಯ ಮಗನಾಗಲಿ ಸೋದರಮಾವನ ಮಗನಾಗಲಿ, ದೊಡ್ಡವನಾದರೆ ಭಾವ ಎನ್ನಬೇಕು. ಯಾರು ದೊಡ್ಡವನೆಂದು ತೀರ್ಮಾನವೇ ಆಗದೆ ಇಬ್ಬರೂ ಒಬ್ಬರನ್ನೊಬ್ಬರು "ಲೇ" ಎಂದುಕೊಂಡೇ ಮುದುಕರಾಗಿದ್ದರು. ರುದ್ರಪ್ಪಜ್ಜನ ಹತ್ತಿರ ಶಾಲೆಯ ದಾಖಲೆಯಿತ್ತು, ಹುಟ್ಟಿದ್ದು ಅರವತ್ತೊಂದು. ತಿಪ್ಪಜ್ಜನಿಗೆ ಇದ್ದದ್ದು ಅವ್ವನ ಮಾತೊಂದೇ: "ಹಳ್ಳ ಮರಳು ಹೊತ್ತು ತಂದು ಏರಿ ಒಡೆದ ವರ್ಷ ನೀನು ಹುಟ್ಟಿದ್ದು." ಏರಿ ಒಡೆದದ್ದು ಯಾವ ವರ್ಷವೆಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಯುಗಾದಿಯ ಮರುದಿನ ಸಂಜೆ ಎರಡೂ ಊರಿನವರು ಚಂದ್ರನನ್ನು ನೋಡಲು ಏರಿಗೆ ಬರುತ್ತಾರೆ. ಚಂದ್ರ ಕಂಡ ಮೇಲೆ ಚಿಕ್ಕವರು ದೊಡ್ಡವರ ಕಾಲಿಗೆ ನಮಸ್ಕರಿಸಬೇಕು, ದೊಡ್ಡವರು ಮನೆಗೆ ಕರೆದು ಹೋಳಿಗೆ ಇಕ್ಕಬೇಕು. ಇವರಿಬ್ಬರೂ ಏರಿಯ ಆ ತುದಿಗೊಬ್ಬ, ಈ ತುದಿಗೊಬ್ಬ ನಿಂತು, ಇನ್ನೊಬ್ಬ ಬರಲಿ ಎಂದು ಕಾದು, ಮೀಸೆ ತಿರುವಿ ಮನೆಗೆ ಹೋಗುತ್ತಿದ್ದರು. ಸೋದರತ್ತೆ ಮಾಡುತ್ತಿದ್ದ ಹೋಳಿಗೆಯ ರುಚಿ ಮರೆತೇ ಹೋಗಿದೆ ಎಂದು ತಿಪ್ಪಜ್ಜ ಒಮ್ಮೆ ಹೇಳಿದ್ದ. ಆಗ ಅವನು ನಗುತ್ತಿರಲಿಲ್ಲ.

"ಅಲ್ಲವ್ವ," ಎಂದು ಈಗ ಅವನು ನೆಟ್ಟಗೆ ಕೂತ. "ನಿನ್ನ ಬಾಂಬಿನ ಗೆರೆ ಅರವತ್ತಮೂರು ಅಂದ್ಯಲ್ಲ. ಏರಿ ಒಡೆದ ಮರಳು ಅದರ ಕೆಳಗೈತೋ ಮೇಲೈತೋ ತಿಳಿಯಾಕೆ ಬರ್ತತೇನು?"

"ಮರಳಿನ ಪದರ ಇದ್ದರೆ ತಿಳೀತದೆ."

"ಚೆನ್ನಾಗಿ ಕೆಳಗಿದ್ರೆ ನಾನು ದೊಡ್ಡೋನು. ಮೇಲಿದ್ರೆ ಆ ನನ್ಮಗ ದೊಡ್ಡೋನು. ಸರಿಯೇನವ್ವ?" ಎಂದವನೇ ಪಂಚೆ ಎತ್ತಿ ಕಟ್ಟಿಕೊಂಡು ಕೆರೆ ಅಂಗಳಕ್ಕೆ ಇಳಿದು ಆ ಊರಿನ ಕಡೆ ನಡೆದೇಬಿಟ್ಟ.

ಅಲ್ಲಿ ಏನು ಮಾತಾಯಿತೋ, ಮರುವಾರ ಇಬ್ಬರೂ ಪಟ್ಟಿಯ ಮೇಲೆ ಹಾಜರು. ರುದ್ರಪ್ಪಜ್ಜ ಕುಳ್ಳಗೆ, ದುಂಡಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆಗೆ ಬಂದವನಂತೆ ನಿಂತಿದ್ದ. "ಕೊಳವೆ ನಾನು ಹಿಡೀತೀನಿ. ಇವನು ಹಿಡಿದ್ರೆ ಮರಳನ್ನ ಕೆಳಗೆ ಜಾರಿಸ್ತಾನೆ," ಎಂದ. "ಅದು ಹಂಗಲ್ಲ ಬಿಡ್ಲೇ, ನೀನೇ ಹಿಡಿ. ಬಡಿಯೋನು ನಾನು. ಸುತ್ತಿಗೆ ತಪ್ಪಿದ್ರೆ ನಿನ್ನ ಕೈ," ಎಂದ ತಿಪ್ಪಜ್ಜ. ನನ್ನ ಬೊಬ್ಬೆಗಳಿಗೆ ಅಂದು ರಜೆ. ಕೊಳವೆ ಮೇಲೆ ಬಂತು, ಮಣ್ಣನ್ನು ಉದ್ದಕ್ಕೆ ಸೀಳಿದೆ. ಕಪ್ಪು ಹೂಳಿನ ನಡುವೆ ಎರಡು ಬೆರಳು ದಪ್ಪದ ಬಿಳಿ ಮರಳು! ಇಬ್ಬರೂ ಏಕಕಾಲಕ್ಕೆ ಬಗ್ಗಿ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ತಿಪ್ಪಜ್ಜನ ಕೈ ಚೂರು ಮುರಿಯಲು ಹೋಯಿತು. ರುದ್ರಪ್ಪಜ್ಜ ಫಟ್ಟನೆ ಕೈಗೆ ಹೊಡೆದ. "ತಿನ್ನಬ್ಯಾಡಲೇ, ಅದರಾಗೆ ನನ್ನ ವಯಸ್ಸೂ ಐತೆ."

ಮುಂದಿನ ಯುಗಾದಿಗೆ ನಾಲ್ಕು ದಿನ ಮೊದಲು ಉತ್ತರ ಬಂತು. ಪಟ್ಟಿಯ ಮಣ್ಣಿನಲ್ಲಿ ಬಾಂಬಿನ ಪದರ ಅಚ್ಚುಕಟ್ಟಾಗಿ ಕೂತಿತ್ತು. ನನ್ನ ಥೀಸಿಸ್ ಉಳಿಯಿತು. ಮನೆಯಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಮರಳಿನ ಜಾಗ ನೋಡಿದೆ. ಬಾಂಬಿನ ಪದರಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ನನ್ನ ಕುಣಿತ ನಿಂತಿತು.

ಚಂದ್ರ ನೋಡುವ ಸಂಜೆ ಏರಿಗೆ ಹೋದೆ. ತಿಪ್ಪಜ್ಜ ತನ್ನ ತುದಿಯಲ್ಲಿ ಹೊಸ ಟವೆಲ್ ಸುತ್ತಿಕೊಂಡು ನಿಂತಿದ್ದ. ಹೇಳಬೇಕಾದ್ದನ್ನು ಹೇಳಿದೆ. ಹೇಳಿ, ಅವನ ಮುಖ ನೋಡಲಾರದೆ, ಇರುವ ಸತ್ಯವನ್ನೇ ಸೇರಿಸಿದೆ: "ಆದರೆ ಅಜ್ಜ, ಈ ಲೆಕ್ಕ ಎರಡು ಮೂರು ವರ್ಷ ಆಚೀಚೆ ಆಗಬಹುದು. ನೀವೇ ಚಿಕ್ಕೋರು ಅಂತ ಖಂಡಿತ ಹೇಳಾಕೆ ನನಗೆ ಆಗಲ್ಲ. ಬೇಕಂದ್ರೆ ವಾದ ಮಾಡಬಹುದು."

ವಾದ ಮಾಡು ಎಂದು ತಿಪ್ಪಜ್ಜನಿಗೆ ಯಾರಾದರೂ ಹೇಳಬೇಕೆ? "ಅದು ಹಂಗಲ್ಲ" ಎಂಬ ಮಾತಿಗೆ ಕಾದೆ. ಅವನು ಏರಿಯ ಆ ತುದಿಯನ್ನೇ ನೋಡುತ್ತಿದ್ದ. "ಹೌದು," ಎಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಹೌದು ಅದು. "ಆಚೆಗೊಬ್ಬ ಈಚೆಗೊಬ್ಬ ನಿಂತು ಸಾಕಾಗೈತೆ ಕಣವ್ವ. ಮೇಲೈತೆ ಅಂದ್ಯಲ್ಲ, ಅಷ್ಟು ಸಾಕು."

ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎರಡೂ ಊರು ನೋಡುತ್ತಿದ್ದಂತೆ ಏರಿಯುದ್ದಕ್ಕೂ ನಡೆದ. ರುದ್ರಪ್ಪಜ್ಜನ ಕಾಲು ಮುಟ್ಟಿ, ಆ ತುದಿಯಿಂದ ಈ ತುದಿಗೆ ಕೇಳುವಂತೆ, "ಭಾವ, ಹೋಳಿಗೆ ಐತೇನು?" ಎಂದ. ಜನವೆಲ್ಲ ಹೋ ಎಂದು ನಕ್ಕಿತು. ರುದ್ರಪ್ಪಜ್ಜ ಮಾತ್ರ ನಗದೆ ಅವನ ಕೈ ಹಿಡಿದು ಮನೆಯ ಕಡೆ ಎಳೆದುಕೊಂಡು ಹೋದ. ಆ ರಾತ್ರಿ ತಿಪ್ಪಜ್ಜ ಒಂಬತ್ತು ಹೋಳಿಗೆ ತಿಂದನಂತೆ.

ನಾನು ಅವನನ್ನು ನೋಡಿದ್ದು ಅದೇ ಕೊನೆ. ಶ್ರಾವಣದಲ್ಲಿ ಎರಡು ದಿನ ಜ್ವರ ಬಂದು ಹೋಗಿಬಿಟ್ಟ. ಚನ್ನಗಿರಿಯ ಕಾಲೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ನನಗೆ ಸುದ್ದಿ ತಲುಪಿದ್ದು ತಡವಾಗಿ. ಅಂದು ಮಧ್ಯಾಹ್ನದ ಪಾಠ ಮಾಡಲು ನನ್ನಿಂದ ಆಗಲಿಲ್ಲ.

ಈ ವರ್ಷ ಚಂದ್ರ ನೋಡಲು ಅಲ್ಲಿಗೇ ಹೋದೆ. ರುದ್ರಪ್ಪಜ್ಜ ಹತ್ತಿರ ಕರೆದು ಮೆಲ್ಲಗೆ ಕೇಳಿದ: "ಮೇಡಮ್ಮ, ನಿಜ ಹೇಳ್ರಿ. ಅವನು ಚಿಕ್ಕೋನೇ ಹೌದಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಎರಡು ಮೂರು ವರ್ಷ ಆಚೀಚೆ ಆಗಬಹುದು ಅಜ್ಜ. ಅವರೇ ದೊಡ್ಡೋರು ಇದ್ದರೂ ಇರಬಹುದು. ಅವತ್ತೇ ಅವರಿಗೂ ಹೇಳಿದ್ದೆ."

"ಅವನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ರುದ್ರಪ್ಪಜ್ಜ ಏರಿಯ ಮೇಲೆ ನಡೆಯತೊಡಗಿದ. ತಿಪ್ಪಜ್ಜ ನಿಲ್ಲುತ್ತಿದ್ದ ತುದಿಯವರೆಗೂ ಹೋಗಿ, ಇಸ್ತ್ರಿ ಅಂಗಿ ಮಣ್ಣಾಗುವಂತೆ ಮಂಡಿಯೂರಿ ನೆಲ ಮುಟ್ಟಿ, "ಭಾವ," ಎಂದ.