ಲಿಗೋರಿ ಪೊರ್ಬುಗಳು ಮತ್ತು ಒಂದು ಹಡಿಲು ಗದ್ದೆ

ಬಾಗಿಲೇ ಇಲ್ಲದ ಮನೆಯ ಎದುರು ನಿಂತು "ಇಲ್ಲಡ್ ಏರುಲ್ಲೆರ್?" ಎಂದು ತುಳುವಿನಲ್ಲಿ ಕೂಗುವುದು ಲಿಗೋರಿ ಪೊರ್ಬುಗಳ ಪದ್ಧತಿ. ಮನೆಯಲ್ಲಿ ಯಾರಿದ್ದಾರೆ ಎಂದು ಅದರ ಅರ್ಥ. ಯಾರೂ ಇರುತ್ತಿರಲಿಲ್ಲ. ಹಂಚಿನ ಮಾಡು ಕುಸಿದು, ಅಡುಗೆಕೋಣೆಯಲ್ಲಿ ಉಪ್ಪಳಿಗೆ ಮರ ಎದ್ದಿರುತ್ತಿತ್ತು. ಆದರೂ ಎರಡು ನಿಮಿಷ ಕಾದು, ಚಪ್ಪಲಿ ಕಳಚಿಟ್ಟೇ ಒಳಗೆ ಹೋಗಿ ಕ್ಯಾಮರಾ ತೆಗೆಯುವರು. ಹಾವು ಕಚ್ಚೀತು ಎಂದು ನಾನು ಬೈದರೆ, "ಕೇಳದೆ ಒಳಗೆ ಹೋಗ್ಲಿಕ್ಕೆ ನಾವೆಂತ ಕಳ್ಳರಾ ಮಾಸ್ಟ್ರೇ?" ಎನ್ನುವರು.

ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಪೊರ್ಬುಗಳು ಅನ್ನುವುದು ನಮ್ಮ ಕಡೆಯ ವಾಡಿಕೆ. ಜೆಪ್ಪುವಿನಲ್ಲಿ ಅವರದೊಂದು ಇಕ್ಕಟ್ಟಿನ ಸ್ಟುಡಿಯೋ. ವಾರವಿಡೀ ಪಾಸ್‌ಪೋರ್ಟ್ ಫೋಟೊ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ನನ್ನ ಸ್ಕೂಟರಿನ ಹಿಂದೆ ಕೂತು ಊರಿನ ಅಂಚಿಗೆ. ನಿಂತುಹೋದ ಅಕ್ಕಿ ಗಿರಣಿ, ದನಗಳಿಲ್ಲದ ಖಾಲಿ ಹಟ್ಟಿ, ಕೆಂಪು ಮಣ್ಣು ತುಂಬಿದ ಗದ್ದೆ, ಅವರಿಗೆ ಬೇಕಾದದ್ದು ಇಂಥವೇ. ನಾನು ದೇರೆಬೈಲಿನವನು, ಶಾಲೆಯಲ್ಲಿ ಕನ್ನಡ ಮಾಸ್ಟ್ರು. "ನಿಮ್ಮ ಊರಿನ ಹೆಸರಿನಲ್ಲಿ ಮಾತ್ರ ಬೈಲು ಉಂಟು ಮಾರಾಯ್ರೆ. ಭತ್ತದ ಬೈಲು ಎಲ್ಲುಂಟು ತೋರಿಸಿ ನೋಡುವ" ಎಂದು ದಾರಿಯುದ್ದಕ್ಕೂ ಕಾಡುತ್ತಿದ್ದರು.

ಫೋಟೊದ ಹಿಂದೆ ಅವರು ಜಾಗದ ಹೆಸರು ಬರೆದವರೇ ಅಲ್ಲ, ಅಲ್ಲಿ ದುಡಿದವರ ಹೆಸರು ಬರೆಯುವರು. ಗಿರಣಿಯ ಹಿಂದೆ 'ಬಾಬಣ್ಣ', ಹಟ್ಟಿಯ ಹಿಂದೆ 'ಕಮಲಕ್ಕ'. ನನಗೆ ಇದು ತೀರಾ ಸಪ್ಪೆ ಅನಿಸುತ್ತಿತ್ತು.

ಹಾಗಾಗಿ ಅವರ ಫೋಟೊಗಳ ಪ್ರದರ್ಶನ ಏರ್ಪಾಡಾದಾಗ ಅಡಿಬರಹದ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಒಂದು ಚಿತ್ರದಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದ ಗದ್ದೆ, ಮೂಲೆಯಲ್ಲಿ ಕುಸಿದ ಪಂಪ್ ಶೆಡ್. ನಾನಿಲ್ಲದ ದಿನ ಅವರೊಬ್ಬರೇ ಹೋಗಿ ತೆಗೆದದ್ದು, ಹಿಂದೆ 'ಗಿರಿಜಕ್ಕ' ಎಂದಿತ್ತು. ಯಾವ ಗಿರಿಜಕ್ಕ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ದಪ್ಪಕ್ಷರದಲ್ಲಿ 'ಹಡಿಲು' ಎಂದು ಬರೆದೆ. ವರ್ಷಗಟ್ಟಲೆ ಬೇಸಾಯವಿಲ್ಲದೆ ಪಾಳುಬಿದ್ದ ಗದ್ದೆಗೆ ನಾವು ಹೇಳುವ ಶಬ್ದ ಅದು. ಒಂದೇ ಶಬ್ದದಲ್ಲಿ ಎಲ್ಲ ಹೇಳಿಬಿಟ್ಟೆ ಎಂದು ಬೀಗಿದ್ದೂ ಹೌದು. ಪೇಪರಿನವರಿಗೂ ಹಿಡಿಸಿ, ಚಿತ್ರವನ್ನು ಅಡಿಬರಹದ ಸಮೇತ ಹಾಕಿದರು.

ಗಿರಿಜಕ್ಕ ಆ ಗದ್ದೆಯನ್ನು ಜಮೀನಿನ ಧನಿಗಳ ಬಾಯಿಮಾತಿನ ಮೇಲೆ ಮೂವತ್ತು ವರ್ಷದಿಂದ ಬೇಸಾಯ ಮಾಡುತ್ತಿದ್ದವರು. ಕಾಲು ಮುರಿದು ಆ ವರ್ಷ ಒಂದು ಬೆಳೆ ತಪ್ಪಿತ್ತು, ಅಷ್ಟೆ. ಧನಿಗಳು ತೀರಿಕೊಂಡು ಅವರ ಮಗ ಗದ್ದೆಗೆ ಮಣ್ಣು ತುಂಬಿಸಲು ಹೊರಟಾಗ ಈಕೆ ತಾಲೂಕು ಕಚೇರಿಗೆ ಹೋಗಿ ದೂರು ಕೊಟ್ಟರು. ಮಗ ಅಲ್ಲಿ ನನ್ನ ಅಡಿಬರಹವಿದ್ದ ಪೇಪರಿನ ತುಂಡನ್ನು ಮುಂದಿಟ್ಟ. ಹಡಿಲು ಬಿದ್ದದ್ದು ಊರಿಗೇ ಗೊತ್ತಿರುವಾಗ ನಿಮ್ಮ ಬೇಸಾಯ ಎಲ್ಲಿಯದು ಎಂದು ಅಧಿಕಾರಿ ಕೇಳಿದರಂತೆ. ಆ ವಾರವೇ ಮಣ್ಣಿನ ಲಾರಿಗಳು ಬಂದವು.

ಅದೇ ಚಿತ್ರವಿದ್ದ ಪೇಪರು ಹಿಡಿದುಕೊಂಡು ಗಿರಿಜಕ್ಕ ಕುಂಟುತ್ತ ಸ್ಟುಡಿಯೋಗೆ ಬಂದಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

"ಪೊರ್ಬುಗಳೇ, ಗದ್ದೆಗೆ ಇಳಿಯುವ ಮೊದಲು ನನ್ನನ್ನು ಕೂಗಿ ಕೇಳಿದವರು ನೀವು. ಮಳೆಗಾಲಕ್ಕೆ ಬೀಜ ತೆಗೆದಿಟ್ಟದ್ದನ್ನೂ ತೋರಿಸಿದ್ದೆ. ಇದನ್ನು ಬರೆದದ್ದು ಯಾರು?"

ಪೊರ್ಬುಗಳು ನನ್ನ ಕಡೆ ತಿರುಗಲೇ ಇಲ್ಲ. "ನಾನೇ ಅಕ್ಕ. ತಪ್ಪಾಯ್ತು" ಎಂದರು.

"ನಿಮಗೆ ಒಳ್ಳೇದಾಗ್ಲಿಕ್ಕಿಲ್ಲ" ಎಂದು ಆಕೆ ಹೊರಟುಹೋದರು. ನಾನು ಬಾಯಿ ಬಿಡಲಿಲ್ಲ. ಹೇಡಿತನ, ಅದಕ್ಕೆ ಬೇರೆ ಚಂದದ ಶಬ್ದ ಹುಡುಕುವುದಿಲ್ಲ.

ಆಮೇಲೆ ಭಾನುವಾರಗಳು ನಿಂತವು. ಹೋಗುವ ಎಂದು ಕರೆದರೆ, "ಇನ್ನು ಯಾವ ಮುಖ ಇಟ್ಟುಕೊಂಡು ಕೂಗುದು?" ಎನ್ನುವರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಪೊರ್ಬುಗಳನ್ನು ಕೊನೆಗೆ ಆಸ್ಪತ್ರೆಯಲ್ಲಿ ಕಂಡದ್ದು. ದಿಂಬಿನ ಅಡಿಯಿಂದ ಗದ್ದೆಯ ಆ ಫೋಟೊ ತೆಗೆದು ನನ್ನ ಕೈಗಿಟ್ಟರು. "ಗದ್ದೆ ವಾಪಸು ಬರುದಿಲ್ಲ ಮಾಸ್ಟ್ರೇ. ಆದ್ರೆ ಗಿರಿಜಕ್ಕ ಕೇಳಿದ್ದಕ್ಕೆ ಸರಿಯಾದ ಉತ್ತರ ಇನ್ನೂ ಸಿಕ್ಕಲಿಲ್ಲ ನೋಡಿ" ಎಂದರು. ಮೂರನೇ ದಿನ ತೀರಿಕೊಂಡರು.

ಮಣ್ಣು ಮಾಡಿದ ನಂತರದ ಭಾನುವಾರ, ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಸ್ಕೂಟರ್ ಹೊರಡಿಸಿದೆ. ಗಿರಿಜಕ್ಕ ಈಗ ಪಂಪ್‌ವೆಲ್ ಸರ್ಕಲ್ಲಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದಾರೆ. ಬಾಗಿಲು ಅರ್ಧ ತೆರೆದಿತ್ತು. ಚಪ್ಪಲಿ ಕಳಚಿದೆ.

"ಇಲ್ಲಡ್ ಏರುಲ್ಲೆರ್?"

"ಯಾರು ಅದು?" ಒಳಗಿನಿಂದ ಗಿರಿಜಕ್ಕನ ಸ್ವರ.

"ಹಡಿಲು ಅಂತ ಬರೆದವನು" ಎಂದೆ.